ಪಪುವಾದ ಬೆಟ್ಟದ ಜನರನ್ನು ಹೀಗೆ ತೋರಿಸಬೇಡಿ: ಪ್ರವಾಸದ ವಿಡಿಯೊ ಮಾಡುವವರಿಗೆ ಒಂದು ಬಹಿರಂಗ ಪತ್ರ

ಗೆ,
ದೇಶ ವಿದೇಶ ಸುತ್ತಿ ಕನ್ನಡದಲ್ಲಿ ವಿಡಿಯೊ ಮಾಡುವ ಎಲ್ಲರಿಗೂ,
ಅಂಥ ವಿಡಿಯೊಗಳನ್ನು ಅರ್ಧ ಗಂಟೆಯ ಕಾರ್ಯಕ್ರಮ ಮಾಡಿ ಪ್ರಸಾರ ಮಾಡುವ ಚಾನೆಲ್‌ಗಳ ಸಂಪಾದಕರಿಗೂ

ಮಾನ್ಯರೇ,

ನಾನು ಚಿಕ್ಕಮಗಳೂರಿನ ಕಾಫಿ ಸೀಮೆಯವನು. ಪಪುವಾ ನ್ಯೂಗಿನಿಯ ಸಿಂಬು ಪ್ರಾಂತ್ಯದಲ್ಲಿ, ಬೆಟ್ಟದ ಮೇಲಿನ ಒಂದು ಹೈಸ್ಕೂಲಿನಲ್ಲಿ ಕೆಲವು ವರ್ಷ ವಿಜ್ಞಾನದ ಮೇಷ್ಟ್ರಾಗಿದ್ದೆ. ಆ ಸೀಮೆಯ ಬಗ್ಗೆ ಕನ್ನಡದಲ್ಲಿ ಈಗ ಒಂದರ ಹಿಂದೆ ಒಂದು ವಿಡಿಯೊ ಬರುತ್ತಿವೆ. ಅವುಗಳನ್ನು ನೋಡಿ ಆದ ನೋವಿನಿಂದ ಈ ಪತ್ರ ಬರೆಯುತ್ತಿದ್ದೇನೆ.

ನಿಮ್ಮ ಕೆಲಸವನ್ನು ನಾನು ಹಗುರವಾಗಿ ನೋಡುವುದಿಲ್ಲ. ಪಾಸ್‌ಪೋರ್ಟೇ ಇಲ್ಲದ ನನ್ನ ಅಕ್ಕ, ಅತ್ತಿಗೆಯಂಥವರು ಅಡುಗೆಮನೆಯಲ್ಲಿ ಕೂತು ಮಂಗೋಲಿಯ, ಇಥಿಯೋಪಿಯ ನೋಡಿದ್ದು ನಿಮ್ಮಿಂದ. ಸ್ವಂತ ಖರ್ಚಿನಲ್ಲಿ, ಜೀವ ಒತ್ತೆ ಇಟ್ಟು ಹೋಗುತ್ತೀರಿ. ಆದರೆ ಪಪುವಾ ಬೆಟ್ಟಕ್ಕೆ ಹೋದ ತಕ್ಷಣ ನಿಮ್ಮಲ್ಲಿ ಬಹಳ ಜನರ ಧಾಟಿ ಬದಲಾಗುತ್ತದೆ. ಮನುಷ್ಯರನ್ನು ತಿನ್ನುವವರು, ಶಿಲಾಯುಗದಲ್ಲೇ ಉಳಿದವರು, ಬಟ್ಟೆಯೇ ಗೊತ್ತಿಲ್ಲದವರು ಎಂಬ ತಲೆಬರಹ ಬರುತ್ತದೆ. ಭಯದ ಸಂಗೀತ ಶುರುವಾಗುತ್ತದೆ. ಮೊದಲ ಐದು ನಿಮಿಷ ನೀವು ಬದುಕಿ ವಾಪಸ್ ಬರುತ್ತೀರೋ ಇಲ್ಲವೋ ಎಂಬುದರಲ್ಲೇ ಕಳೆಯುತ್ತದೆ. ಕೊನೆಗೆ ಅವರು ಗೆಣಸು ಸುಟ್ಟು ಕೊಡುತ್ತಾರೆ, ನೀವು ತಿಂದು ವಾಪಸ್ ಬರುತ್ತೀರಿ.

ಮೊದಲು ಜಾಗದ ವಿಷಯ ಹೇಳುತ್ತೇನೆ. ಯಾಕೆಂದರೆ ಎಷ್ಟೋ ವಿಡಿಯೊಗಳಲ್ಲಿ ಅದು ಯಾವ ದೇಶ ಅನ್ನುವುದೂ ಸರಿಯಾಗಿ ತಿಳಿಯುವುದಿಲ್ಲ. ನ್ಯೂಗಿನಿ ಜಗತ್ತಿನ ಎರಡನೇ ದೊಡ್ಡ ದ್ವೀಪ. ಅದರ ಪಶ್ಚಿಮದ ಅರ್ಧ ಇಂಡೋನೇಷ್ಯಾಕ್ಕೆ ಸೇರಿದೆ. ಪೂರ್ವದ ಅರ್ಧ ಪಪುವಾ ನ್ಯೂಗಿನಿ ಎಂಬ ಸ್ವತಂತ್ರ ದೇಶ, 1975ರ ಸೆಪ್ಟೆಂಬರ್ 16ರಂದು ಆಸ್ಟ್ರೇಲಿಯಾದ ಆಡಳಿತದಿಂದ ಹೊರಬಂದದ್ದು. ವಾಮೆನಾ ಊರಿನ ಸುತ್ತಲಿನ ದಾನಿ ಜನ ಇಂಡೋನೇಷ್ಯಾದ ಪ್ರಜೆಗಳು. ಗೊರೊಕಾ, ಮೌಂಟ್ ಹೇಗನ್ ಪಟ್ಟಣಗಳ ಸುತ್ತಲಿನವರು ಪಪುವಾ ನ್ಯೂಗಿನಿಯವರು. ಪಪುವಾ ನ್ಯೂಗಿನಿಯೊಂದರಲ್ಲೇ 800ಕ್ಕಿಂತ ಜಾಸ್ತಿ ಭಾಷೆಗಳಿವೆ. ಇಷ್ಟನ್ನೆಲ್ಲ 'ಪಪುವಾ ಬುಡಕಟ್ಟು' ಎಂಬ ಒಂದೇ ಗಂಟಿಗೆ ಕಟ್ಟಿ ಹಾಕಿದರೆ ನೋಡುವವರಿಗೆ ಏನು ಗೊತ್ತಾಗುತ್ತದೆ? ಕೊಡಗಿನವರನ್ನು ತೋರಿಸಿ ಯಾರಾದರೂ 'ಏಷ್ಯಾದ ಬುಡಕಟ್ಟು' ಅಂದರೆ ನಾವು ಸುಮ್ನೆ ಇರುತ್ತೇವಾ?

ಇನ್ನು ಶಿಲಾಯುಗದ ಮಾತು. ಮೌಂಟ್ ಹೇಗನ್‌ನಿಂದ ಸ್ವಲ್ಪ ದೂರದಲ್ಲಿ ಕುಕ್ ಎಂಬ ಜೌಗು ಪ್ರದೇಶವಿದೆ. ಅಲ್ಲಿ ಅಗೆದು ನೋಡಿದಾಗ ನೀರು ಬಸಿಯಲು ತೋಡಿದ ಕಾಲುವೆಗಳು, ಬಾಳೆ ಮತ್ತು ಕೆಸು ಬೆಳೆದ ಗುರುತುಗಳು ಸಿಕ್ಕಿವೆ. ಈ ಜನ ಕಡಿಮೆಯೆಂದರೂ 7,000 ವರ್ಷಗಳಿಂದ ಬೇಸಾಯ ಮಾಡುತ್ತಿದ್ದಾರೆ. ಈಜಿಪ್ಟಿನಲ್ಲಿ ಪಿರಮಿಡ್ ಕಟ್ಟುವುದಕ್ಕಿಂತ ಎಷ್ಟೋ ಮುಂಚಿನಿಂದ. ಯುನೆಸ್ಕೊ 2008ರಲ್ಲಿ ಆ ಜಾಗವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಪ್ರಪಂಚದಲ್ಲಿ ಬೇಸಾಯ ತಾನಾಗಿ ಹುಟ್ಟಿದ ಕೆಲವೇ ಜಾಗಗಳಲ್ಲಿ ಇದೂ ಒಂದು. ಗೊರೊಕಾಕ್ಕೆ, ಹೇಗನ್‌ಗೆ ಹೋದ ನಿಮ್ಮಲ್ಲಿ ಯಾರೂ ಕುಕ್ ಕಡೆ ಕ್ಯಾಮೆರಾ ತಿರುಗಿಸಿದ್ದನ್ನು ನಾನು ಕಂಡಿಲ್ಲ.

1930ರವರೆಗೂ ಹೊರಗಿನವರು ಈ ಬೆಟ್ಟಗಳ ನಡುವೆ ಜನರೇ ಇಲ್ಲ ಅಂದುಕೊಂಡಿದ್ದರು. ಚಿನ್ನ ಹುಡುಕಿಕೊಂಡು ಬಂದ ಆಸ್ಟ್ರೇಲಿಯಾದವರು ಮೇಲೆ ಹತ್ತಿ ನೋಡಿದರೆ ಕಣಿವೆ ತುಂಬ ಬೇಲಿ ಹಾಕಿದ ತೋಟಗಳು, ಸುಮಾರು ಹತ್ತು ಲಕ್ಷ ಜನ. ಆಮೇಲಿನದು ನಂಬಲು ಕಷ್ಟವಾಗುವಷ್ಟು ಬೇಗ ನಡೆದುಹೋಯಿತು. ಹೊರಗಿನವರ ಮುಖವನ್ನೇ ನೋಡದ ಕಾಲದಲ್ಲಿ ಹುಟ್ಟಿದವರು 1964ರಲ್ಲಿ ವೋಟು ಹಾಕಿದರು. ಈಗಿನ ಪ್ರಧಾನಿ ಜೇಮ್ಸ್ ಮರಾಪೆ ಇದೇ ಬೆಟ್ಟದ ಸೀಮೆಯ ಹೆಲಾ ಪ್ರಾಂತ್ಯದವರು. 2023ರ ಮೇ ತಿಂಗಳಲ್ಲಿ ನಮ್ಮ ಪ್ರಧಾನಿ ಅಲ್ಲಿಯ ರಾಜಧಾನಿ ಪೋರ್ಟ್ ಮೋರ್ಸ್‌ಬಿಯಲ್ಲಿ ವಿಮಾನದಿಂದ ಇಳಿದಾಗ ಬಗ್ಗಿ ಕಾಲು ಮುಟ್ಟಿ ನಮಸ್ಕರಿಸಿದ್ದು ಅವರೇ. ಆ ದೃಶ್ಯ ಕರ್ನಾಟಕದ ಮನೆಮನೆಯ ಮೊಬೈಲ್‌ಗೂ ಬಂದಿತ್ತು. ಅವರ ಊರಿನ ಕಡೆಯವರನ್ನೇ ಈಗ ನಾವು ಶಿಲಾಯುಗದವರು ಅನ್ನುತ್ತಿದ್ದೇವೆ.

ವಿಡಿಯೊ ಹೇಗೆ ಮಾಡುತ್ತಾರೆ ಅನ್ನುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಒಂದು ಭಾನುವಾರ ನಮ್ಮ ಶಾಲೆಯ ಕೆಳಗಿನ ಹಳ್ಳಿಗೆ ಭಾರತದಿಂದಲೇ ಬಂದ ಒಂದು ತಂಡ ಬಂತು. ಯಾರು ಎಂದು ಹೇಳುವುದಿಲ್ಲ, ಅದು ಮುಖ್ಯವೂ ಅಲ್ಲ. ಜನ ಚರ್ಚ್ ಮುಗಿಸಿ ಬಂದಿದ್ದರು. ಗಂಡಸರು ಇಸ್ತ್ರಿ ಮಾಡಿದ ಶರ್ಟ್ ಹಾಕಿದ್ದರು, ಹೆಂಗಸರು ಹೂವಿನ ಚಿತ್ತಾರದ ದೊಗಲೆ ರವಿಕೆ. ಏಜೆಂಟ್ ಮಾತಾಡಿ ದುಡ್ಡು ಗೊತ್ತು ಮಾಡಿದ. ಶರ್ಟ್ ಬಿಚ್ಚಿಸಿದರು. ಒಬ್ಬ ಹಿರಿಯರ ಕೈಗಡಿಯಾರ ತೆಗೆಸಿದರು. ಅಂಗಳದಲ್ಲಿ ಮೊಬೈಲ್ ಚಾರ್ಜ್ ಮಾಡಲು ಬಿಸಿಲಿಗಿಟ್ಟಿದ್ದ ಸೋಲಾರ್ ಹಲಗೆಯನ್ನು ಮನೆ ಹಿಂದಕ್ಕೆ ಸಾಗಿಸಿದರು. ತಗಡಿನ ಮಾಡು ಕಾಣಬಾರದೆಂದು ಎಲ್ಲರನ್ನೂ ಹುಲ್ಲಿನ ಮನೆಯೊಂದರ ಮುಂದೆ ನಿಲ್ಲಿಸಿದರು. ಪಕ್ಕದ ಊರಿನ ಪ್ರೈಮರಿ ಶಾಲೆಯ ಹೆಡ್‌ಮಾಸ್ಟರ್ ಅಲ್ಲೇ ನಿಂತಿದ್ದರು, ಚೆನ್ನಾಗಿ ಇಂಗ್ಲಿಷ್ ಮಾತಾಡುವವರು. ಅವರನ್ನು ಫ್ರೇಮಿನಿಂದ ಆಚೆ ಹೋಗಲು ಹೇಳಿದರು. ಅಲ್ಲಿಗೆ ಹಳ್ಳಿಯಲ್ಲಿ ಈ ಕಾಲದ್ದು ಎನ್ನುವಂಥದ್ದು ಏನೇನಿತ್ತೋ ಅದೆಲ್ಲವೂ ಚಿತ್ರದಿಂದ ಹೊರಗೆ ಹೋಯಿತು. ಆಮೇಲೆ ಕ್ಯಾಮೆರಾ ಆನ್ ಮಾಡಿ 'ಇವರಿಗೆ ಹೊರಗಿನ ಪ್ರಪಂಚವೇ ಗೊತ್ತಿಲ್ಲ' ಎಂದರು.

ಇಂಡೋನೇಷ್ಯಾದ ಕಡೆಯ ಬೆಟ್ಟದಲ್ಲಿ ಇದಕ್ಕೆ ಇನ್ನೊಂದು ಕಹಿ ಇದೆ. ಅಲ್ಲಿಯ ಗಂಡಸರು ಸೋರೆಬುರುಡೆಯಿಂದ ಮಾಡಿ ಗುಪ್ತಾಂಗ ಮುಚ್ಚಲು ಧರಿಸುತ್ತಿದ್ದ ಕೊಟೆಕಾವನ್ನು ಬಿಡಿಸಬೇಕು ಅಂತ 1970ರ ದಶಕದ ಶುರುವಿನಲ್ಲಿ ಸರ್ಕಾರ ಒಂದು ಕಾರ್ಯಾಚರಣೆಯನ್ನೇ ನಡೆಸಿತು. ಬಟ್ಟೆ ಹಾಕಿಕೊಳ್ಳಿ, ನಾಗರಿಕರಾಗಿ ಎಂದು ಒತ್ತಾಯ ಮಾಡಿತು. ಈಗ ಆ ಜನರ ಮೊಮ್ಮಕ್ಕಳಿಗೆ ಕ್ಯಾಮೆರಾದವರು ಬಟ್ಟೆ ಬಿಚ್ಚಿ, ಕೊಟೆಕಾ ಕಟ್ಟಿಕೊಳ್ಳಿ ಎನ್ನುತ್ತಾರೆ. ಎರಡು ಸಲವೂ ಅವರಿಗೆ ಏನು ಬೇಕು ಅಂತ ಯಾರೂ ಕೇಳಲಿಲ್ಲ.

ಇದು ಬರೀ ಸಣ್ಣವರ ಚಾಳಿಯಲ್ಲ. ಬ್ರಿಟನ್ನಿನ ಅತಿ ದೊಡ್ಡ ಟಿವಿ ಸಂಸ್ಥೆಯೇ ಇಂಡೋನೇಷ್ಯಾ ಕಡೆಯ ಪಪುವಾದ ಕಾಡಿನಲ್ಲಿರುವ ಕೊರೊವಾಯ್ ಜನರ ಎತ್ತರದ ಮರದ ಮನೆಯನ್ನು ತೋರಿಸಿ ಹೆಸರು ಮಾಡಿತ್ತು. ಅದು ಕ್ಯಾಮೆರಾಕ್ಕಾಗಿ ಕಟ್ಟಿಸಿದ ಮನೆ ಎಂದು 2018ರಲ್ಲಿ ಒಪ್ಪಿಕೊಂಡಿತು.

ಮನುಷ್ಯರನ್ನು ತಿನ್ನುವವರು ಎಂಬ ಮಾತಿಗೆ ಬರುತ್ತೇನೆ. ನಿಮ್ಮ ವಿಡಿಯೊಗಳಿಗೆ ಜಾಸ್ತಿ ವೀಕ್ಷಕರನ್ನು ತರುವುದು ಅದೇ. ಅದರ ಹಿಂದೆ ಒಂದು ನಿಜವಾದ ಕಥೆ ಇದೆ, ಆದರೆ ನೀವು ಹೇಳುವಂಥದ್ದಲ್ಲ. ಈಸ್ಟರ್ನ್ ಹೈಲ್ಯಾಂಡ್ಸ್ ಪ್ರಾಂತ್ಯದ ಒಕಾಪಾ ಕಡೆ ಫೋರೆ ಎಂಬ ಜನರಿದ್ದಾರೆ. ಸತ್ತವರು ತಮ್ಮವರೇ, ಅವರ ದೇಹ ಮಣ್ಣಿನಲ್ಲಿ ಹುಳ ಬಿದ್ದು ಹೋಗಬಾರದು ಎಂಬ ಪ್ರೀತಿಯಿಂದ ಅವರಲ್ಲಿ ಹತ್ತಿರದ ನೆಂಟರು ಶವವನ್ನು ತಿನ್ನುವ ಪದ್ಧತಿ ಇತ್ತು. ಅದು ಶೋಕದ ಕ್ರಿಯೆ. ಯಾರನ್ನೂ ಬೇಟೆಯಾಡುತ್ತಿರಲಿಲ್ಲ. ಆ ಪದ್ಧತಿಯಿಂದ ಕುರು ಎಂಬ ಮಿದುಳಿನ ರೋಗ ಹರಡಿತು. ಮೊದಲು ನಡುಕ, ನಂತರ ನಡೆಯಲಾಗದು, ಕೊನೆಗೆ ನುಂಗಲಾಗದು. ಹೆಂಗಸರು, ಮಕ್ಕಳೇ ಜಾಸ್ತಿ ಸತ್ತರು. ಕೆಲವು ಹಳ್ಳಿಗಳಲ್ಲಿ ಮಕ್ಕಳನ್ನು ಸಾಕಲು ತಾಯಂದಿರೇ ಉಳಿಯಲಿಲ್ಲ. 1957ರಿಂದ ಲೆಕ್ಕ ಇಟ್ಟ ಮೇಲೆಯೇ 2,500ಕ್ಕಿಂತ ಜಾಸ್ತಿ ಜನ ಹೋದರು. ಆ ಪದ್ಧತಿ 1950ರ ದಶಕದಲ್ಲೇ ನಿಲ್ಲುತ್ತಾ ಬಂತು. 1960ರ ಸುಮಾರಿನ ನಂತರ ಹುಟ್ಟಿದ ಯಾರಿಗೂ ಆ ರೋಗ ಬಂದಿಲ್ಲ.

ಫೋರೆ ಜನ ತಮ್ಮ ಮನೆಯ ಸಾವುಗಳ ನಡುವೆಯೂ ವೈದ್ಯರಿಗೆ ಸಹಕಾರ ಕೊಟ್ಟರು. ಸತ್ತವರ ಮಿದುಳನ್ನು ಪರೀಕ್ಷೆಗೆ ಕೊಡಲು ಒಪ್ಪಿದರು. ಪ್ರಿಯಾನ್ ರೋಗಗಳ (ರೂಪ ಕೆಟ್ಟ ಪ್ರೋಟೀನಿನಿಂದ ಬರುವ ಮಿದುಳಿನ ರೋಗಗಳ) ಬಗ್ಗೆ, ಮುಂದೆ ಬ್ರಿಟನ್ನಿನಲ್ಲಿ ಬಂದ ಹುಚ್ಚು ಹಸು ರೋಗದ ಬಗ್ಗೆ ವೈದ್ಯಲೋಕಕ್ಕೆ ಸಿಕ್ಕ ತಿಳಿವಳಿಕೆಯಲ್ಲಿ ದೊಡ್ಡ ಪಾಲು ಆ ಜನರದು. ಅದೇ ಸಂಶೋಧನೆಗೆ ಅಮೆರಿಕದ ವಿಜ್ಞಾನಿ ಕಾರ್ಲ್‌ಟನ್ ಗಾಜ್ಡುಸೆಕ್ ಅವರಿಗೆ 1976ರಲ್ಲಿ ನೊಬೆಲ್ ಬಂತು. ಆ ಮನೆಗಳಿಗೆ ಸಿಕ್ಕಿದ್ದು 'ನರಭಕ್ಷಕ' ಎಂಬ ಹೆಸರು. ಅಜ್ಜಿಯನ್ನು ಕುರುವಿಗೆ ಕಳೆದುಕೊಂಡ ಮನೆಯವರ ಮುಂದೆ ನಿಂತು ಹಾಗೆ ಹೇಳಲು ನಿಮಗೆ ಮನಸ್ಸು ಬರುತ್ತದೆಯಾ? 2024ರ ಏಪ್ರಿಲ್‌ನಲ್ಲಿ ಅಮೆರಿಕದ ಆಗಿನ ಅಧ್ಯಕ್ಷ ಬೈಡನ್, ಎರಡನೇ ಮಹಾಯುದ್ಧದಲ್ಲಿ ವಿಮಾನ ಬಿದ್ದು ಸತ್ತ ತಮ್ಮ ಸೋದರಮಾವನನ್ನು ಅಲ್ಲಿಯವರು ತಿಂದಿರಬಹುದು ಎಂಬರ್ಥದಲ್ಲಿ ಮಾತಾಡಿದ್ದರು. ಮರಾಪೆ ಎದ್ದು ನಿಂತು, ನನ್ನ ದೇಶಕ್ಕೆ ಇಂಥ ಹಣೆಪಟ್ಟಿ ಸಲ್ಲದು ಎಂದರು. ಅಮೆರಿಕದ ಅಧ್ಯಕ್ಷರಿಗೆ ಹೇಳಿದ್ದು ನಮಗೂ ಅನ್ವಯಿಸುತ್ತದೆ, ಅಲ್ವಾ?

ಹಾಗಾದರೆ ಏನು ತೋರಿಸಬೇಕಿತ್ತು ಎಂದು ಕೇಳುತ್ತೀರಿ. ಅಲ್ಲಿಯ ಬದುಕು ಚಂದವಾಗಿದೆ ಎಂದು ತೋರಿಸಿ ಅಂತ ನಾನು ಕೇಳುತ್ತಿಲ್ಲ. ಕಷ್ಟ ಬೇಕಾದಷ್ಟಿದೆ. ಆದರೆ ಅದು ನೀವು ತೋರಿಸುವ ಕಷ್ಟವಲ್ಲ.

ಹಳ್ಳಿಗಳಲ್ಲಿ ಏಡ್ ಪೋಸ್ಟ್ ಎಂಬ ಸಣ್ಣ ಆರೋಗ್ಯ ಕೇಂದ್ರಗಳಿವೆ. ಒಂದು ಕೋಣೆ, ಒಂದು ಬೀರು, ಒಬ್ಬ ಆರೋಗ್ಯ ಕಾರ್ಯಕರ್ತ. ಬಹಳ ಕಡೆ ಬೀಗ ಬಿದ್ದಿರುತ್ತದೆ. ಔಷಧಿ ಬಂದಿರುವುದಿಲ್ಲ, ಇಲ್ಲವೇ ಕಾರ್ಯಕರ್ತ ಸಂಬಳ ತೆಗೆಯಲು ಪಟ್ಟಣದ ಬ್ಯಾಂಕಿಗೆ ಹೋಗಿರುತ್ತಾನೆ. ಹೋಗಿ ಬರುವುದಕ್ಕೇ ದಿನಗಳು ಹಿಡಿಯುತ್ತವೆ. ನಾವಿದ್ದ ಕಡೆ ಒಬ್ಬ ಹೆಂಗಸಿಗೆ ರಾತ್ರಿ ಹೆರಿಗೆ ನೋವು ಬಂದು ಮಗು ಅಡ್ಡವಾಗಿತ್ತು. ಎರಡು ಬಿದಿರಿನ ಗಳದ ನಡುವೆ ಕಂಬಳಿ ಕಟ್ಟಿದರು. ನಾಲ್ವರು ಹೊತ್ತರು, ಮತ್ತೆ ನಾಲ್ವರು ಬದಲಿಗೆ ಜೊತೆಯಲ್ಲಿ ನಡೆದರು. ಮಳೆ ಬಿದ್ದ ಜೇಡಿಮಣ್ಣಿನ ಇಳಿಜಾರು. ಮುಂದಿನವರು ಕೈ ಎತ್ತರಿಸಿ ಹಿಡಿಯಬೇಕು, ಹಿಂದಿನವರು ಹೆಚ್ಚುಕಡಿಮೆ ಕೂತುಕೊಂಡೇ ಜಾರಬೇಕು. ಅವಳ ತಾಯಿ ಒಂದು ಕೈಯಲ್ಲಿ ಟಾರ್ಚ್ ಹಿಡಿದು, ಇನ್ನೊಂದು ಕೈಯನ್ನು ಮಗಳ ಹೊಟ್ಟೆಯ ಮೇಲಿಟ್ಟುಕೊಂಡು ಉದ್ದಕ್ಕೂ ಪಕ್ಕದಲ್ಲೇ ಇಳಿದಳು. ರಸ್ತೆಗೆ ಬಂದಾಗ ಬೆಳಗಾಗಿತ್ತು. ತಾಯಿ ಉಳಿದಳು, ಮಗು ಉಳಿಯಲಿಲ್ಲ. ಪೆಸಿಫಿಕ್ ಕಡೆಯ ದೇಶಗಳಲ್ಲಿ ಹೆರಿಗೆಯಲ್ಲಿ ತಾಯಂದಿರು ಜಾಸ್ತಿ ಸಾಯುವ ದೇಶಗಳಲ್ಲಿ ಇದು ಒಂದು. ಮಲೆ ಮಹದೇಶ್ವರ ಬೆಟ್ಟದ ಕಾಡೊಳಗಿನ ಹಳ್ಳಿಗಳಿಂದ ರೋಗಿಗಳನ್ನು ಡೋಲಿಯಲ್ಲಿ ಹೊತ್ತು ತಂದ ಸುದ್ದಿ ನಮ್ಮ ಪೇಪರಿನಲ್ಲೂ ಬರುತ್ತದೆ. ಕನ್ನಡದ ನೋಡುಗರಿಗೆ ಈ ಕಷ್ಟ ಬಿಡಿಸಿ ಹೇಳಬೇಕಾಗಿಯೇ ಇಲ್ಲ.

ನೀವು 'ಗುಡಿಸಲಿನಲ್ಲಿ ಒಂದು ರಾತ್ರಿ' ಎಂದು ತೋರಿಸುವ ಆ ಮನೆಯ ಹೊಗೆಯನ್ನೇ ತೆಗೆದುಕೊಳ್ಳಿ. ಎತ್ತರದ ಜಾಗ, ರಾತ್ರಿ ಕೊರೆಯುವ ಚಳಿ. ಮನೆಯ ನಡುವೆ ಒಲೆ, ಹೊಗೆ ಹೋಗಲು ಕಿಂಡಿ ಇಲ್ಲ. ಮಕ್ಕಳು ಆ ಹೊಗೆಯಲ್ಲೇ ಮಲಗುತ್ತಾರೆ. ಈ ಬೆಟ್ಟಗಳಲ್ಲಿ ಚಿಕ್ಕ ಮಕ್ಕಳ ಜೀವ ತೆಗೆಯುವುದರಲ್ಲಿ ನ್ಯುಮೋನಿಯಾ ಮೊದಲ ಸಾಲಿನಲ್ಲಿದೆ. ಗೊರೊಕಾದಲ್ಲಿ ಆ ದೇಶದ ವೈದ್ಯಕೀಯ ಸಂಶೋಧನಾ ಸಂಸ್ಥೆಯೇ ಇದೆ. ನ್ಯುಮೋನಿಯಾ ಲಸಿಕೆಯ ಬಗ್ಗೆ ಅಲ್ಲಿ ದಶಕಗಳಿಂದ ಕೆಲಸ ನಡೆದಿದೆ. ನೀವು ಕಣ್ಣುಜ್ಜಿಕೊಂಡು ಕೆಮ್ಮಿ ನಗಿಸುವ ದೃಶ್ಯದ ಪಕ್ಕದಲ್ಲಿ ಈ ಮಾತೂ ಬರಬಹುದಿತ್ತು.

ಊಟ ಅಂದರೆ ಕೌಕೌ, ಅಂದರೆ ನಮ್ಮ ಸಿಹಿಗೆಣಸು. ಬೆಳಿಗ್ಗೆ ಅದೇ, ರಾತ್ರಿ ಅದೇ. ಹಂದಿ ಮಾಂಸ ಮದುವೆ, ಸಾವು, ರಾಜಿ ಪಂಚಾಯ್ತಿಗಳಲ್ಲಿ ಮಾತ್ರ. ಮಕ್ಕಳ ಹೊಟ್ಟೆ ತುಂಬುತ್ತದೆ, ಮೈಗೆ ಬೇಕಾದದ್ದು ಸಿಗುವುದಿಲ್ಲ. ಐದು ವರ್ಷದೊಳಗಿನ ಮಕ್ಕಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ನನ್ನ ಕ್ಲಾಸಿನಲ್ಲಿ ಹದಿನಾರರ ಹುಡುಗರು ನಮ್ಮೂರಿನ ಏಳನೇ ಕ್ಲಾಸಿನವರ ಹಾಗೆ ಕಾಣುತ್ತಿದ್ದರು.

ಈ ಬೇಸಾಯದ ಹಿಂದಿನ ಜಾಣತನ ನೋಡಬೇಕು. ಎಂಗಾ ಪ್ರಾಂತ್ಯದಲ್ಲಿ ಹೆಂಗಸರು ಹುಲ್ಲು, ಹಳೆಯ ಬಳ್ಳಿ ಎಲ್ಲವನ್ನೂ ಗುಡ್ಡೆ ಹಾಕಿ, ಮೇಲೆ ಮಣ್ಣು ಮುಚ್ಚಿ ದೊಡ್ಡ ದಿಣ್ಣೆ ಮಾಡುತ್ತಾರೆ. ಒಳಗೆ ಕೊಳೆಯುವ ಗೊಬ್ಬರದ ಕಾವು ಗೆಡ್ಡೆಗೆ ಸಿಗುತ್ತದೆ. ದಿಣ್ಣೆಯ ಎತ್ತರದಿಂದ, ನೆಲದ ಮೇಲೆ ಇಬ್ಬನಿ ಹೆಪ್ಪುಗಟ್ಟುವ ಹಿಮದ ಹೊಡೆತವೂ ಕಡಿಮೆ. ಪಾಳು ಬಿಡುವ ಜಮೀನಿನಲ್ಲಿ ಗಾಳಿ ಮರ ನೆಟ್ಟು ಮಣ್ಣಿಗೆ ಮತ್ತೆ ಶಕ್ತಿ ತುಂಬುತ್ತಾರೆ. ಇಷ್ಟೆಲ್ಲ ಇದ್ದರೂ ಎಲ್ ನಿನೊ, ಅಂದರೆ ಪೆಸಿಫಿಕ್ ಸಾಗರದ ನೀರು ಬಿಸಿಯಾಗಿ ಮಳೆ ಕೈಕೊಡುವ ವರ್ಷದಲ್ಲಿ ಮೋಡವಿಲ್ಲದ ರಾತ್ರಿ ಹಿಮ ಬಿದ್ದರೆ ಬಳ್ಳಿ ಬೆಳಗಾಗುವಷ್ಟರಲ್ಲಿ ಕಪ್ಪಗಾಗುತ್ತದೆ. 1997ರಲ್ಲಿ ಆಯಿತು, 2015ರಲ್ಲಿ ಮತ್ತೆ ಆಯಿತು. ಗೆಣಸನ್ನು ಅವರು ಕಣಜದಲ್ಲಿ ಕೂಡಿಡುವುದಿಲ್ಲ, ದಿನಕ್ಕೆ ಬೇಕಾದಷ್ಟು ಕಿತ್ತು ತರುತ್ತಾರೆ. ಅಷ್ಟು ಎತ್ತರದಲ್ಲಿ ಹೊಸದಾಗಿ ನೆಟ್ಟದ್ದು ಬೆಳೆಯಲು ಎಂಟು ತಿಂಗಳಿಗೂ ಜಾಸ್ತಿ ಬೇಕು. ಅಲ್ಲಿಯವರೆಗೆ ಕೆಳಗಿನ ಊರಿನ ನೆಂಟರ ಮನೆಯೇ ಗತಿ.

ಕಾಫಿಯ ವಿಷಯ ನನಗೆ ಹತ್ತಿರದ್ದು. ಬೆಟ್ಟದ ಸಾವಿರಾರು ಕುಟುಂಬಗಳಿಗೆ ಕೈಗೆ ಕಾಸು ಕಾಣಿಸುವುದು ಕಾಫಿಯಿಂದ ಮಾತ್ರ. ಎಸ್ಟೇಟ್ ಅಲ್ಲ, ಮನೆ ಸುತ್ತ ಒಂದಷ್ಟು ಗಿಡ. ಹಣ್ಣು ಕೊಯ್ದು, ಕೈಯಲ್ಲಿ ತಿರುಗಿಸುವ ಪಲ್ಪರ್‌ನಲ್ಲಿ ಸಿಪ್ಪೆ ತೆಗೆದು, ತೊಳೆದು, ಟಾರ್ಪಾಲ್ ಮೇಲೆ ಒಣಗಿಸುತ್ತಾರೆ. ಮೋಡ ಬಂದರೆ ಮನೆಮಂದಿ ಎಲ್ಲ ಓಡಿ ಬಂದು ಮುಚ್ಚುತ್ತಾರೆ, ನಮ್ಮ ಕಣದಲ್ಲಿ ಮಾಡುವ ಹಾಗೆಯೇ. ಹೀಗೆ ಒಣಗಿಸಿದ ಪಾರ್ಚ್‌ಮೆಂಟ್ ಕಾಫಿಯ ಮೂಟೆಯನ್ನು ಬೆನ್ನ ಮೇಲೆ ಹೊತ್ತು ರಸ್ತೆಗೆ ಇಳಿದರೆ, ರಸ್ತೆ ಕುಸಿದಿದೆ, ಲಾರಿ ಬರಲ್ಲ, ಬೇಕಿದ್ದರೆ ಈ ರೇಟಿಗೆ ಕೊಡಿ ಎನ್ನುತ್ತಾನೆ ಕೊಳ್ಳುವವನು. ವಾಪಸ್ ಹೊತ್ತು ಹತ್ತಲಾಗದೆ ಕೊಟ್ಟು ಬರುತ್ತಾರೆ. 2017ರಲ್ಲಿ ಅಲ್ಲಿಗೂ ಕಾಯಿಕೊರಕ ಹುಳ ಬಂತು. ನಮ್ಮ ದೇಶದಲ್ಲಿ ಅದು ಮೊದಲು ಕಂಡದ್ದು 1990ರಲ್ಲಿ, ನೀಲಗಿರಿಯ ಗೂಡಲೂರಿನಲ್ಲಿ. ಮೂವತ್ತು ವರ್ಷಕ್ಕೂ ಮಿಕ್ಕಿ ಅದರ ಜೊತೆ ಗುದ್ದಾಡಿದ ನಮ್ಮ ಬೆಳೆಗಾರರ ಅನುಭವವನ್ನು ಅಲ್ಲಿಯವರ ಜೊತೆ ಮಾತಿಗೆ ಕೂರಿಸಿದ್ದರೆ ಎಂಥ ಒಳ್ಳೆಯ ಕನ್ನಡ ವಿಡಿಯೊ ಆಗುತ್ತಿತ್ತು! ಬಡತನಕ್ಕೆ ಬರೀ ರಸ್ತೆಯೇ ಕಾರಣ ಅಂತಲೂ ಅಲ್ಲ. ಹೆಲಾ ಕಡೆಯಿಂದ 700 ಕಿಲೋಮೀಟರ್ ಪೈಪ್‌ಲೈನ್‌ನಲ್ಲಿ ಅನಿಲ ಸಮುದ್ರಕ್ಕೆ ಹೋಗಿ, 2014ರಿಂದ ಹಡಗಿನಲ್ಲಿ ಜಪಾನ್ ಮುಂತಾದ ಕಡೆ ಮಾರಾಟವಾಗುತ್ತಿದೆ. ಆದರೆ 2018ರಲ್ಲಿ ದೇಶದಲ್ಲಿ 100 ಜನರಲ್ಲಿ ಸುಮಾರು 13 ಜನರಿಗೆ ಮಾತ್ರ ಕರೆಂಟ್ ಇತ್ತು.

ಕೆಟ್ಟದ್ದನ್ನು ಮುಚ್ಚಿಡಿ ಎಂದು ನಾನು ಹೇಳುವುದಿಲ್ಲ. ಕುಲಗಳ ನಡುವೆ ಜಗಳ ಇದೆ. ಹಿಂದೆ ಬಿಲ್ಲು ಬಾಣ ಇದ್ದಾಗ ಜಗಳಕ್ಕೂ ಒಂದು ಮಿತಿ ಇತ್ತು, ಈಗ ಬಂದೂಕು ಬಂದಿದೆ. 2024ರ ಫೆಬ್ರವರಿಯಲ್ಲಿ ಎಂಗಾದಲ್ಲಿ ಒಂದೇ ಕಾಳಗದಲ್ಲಿ ಹತ್ತಾರು ಜನ ಸತ್ತರು. ಮಾಟ ಮಾಡಿದಳು ಎಂದು ಆರೋಪ ಹೊರಿಸಿ ಹೆಂಗಸರನ್ನು ಹಿಂಸಿಸುವುದು, ಸುಡುವುದು ನಡೆಯುತ್ತದೆ. ಮಾಟದ ಭಯವನ್ನು ಕೊಲೆಗೆ ನೆಪವಾಗಿ ಒಪ್ಪುತ್ತಿದ್ದ ಹಳೆಯ ಕಾನೂನನ್ನು 2013ರಲ್ಲಿ ರದ್ದು ಮಾಡಿದರು, ಹಿಂಸೆ ನಿಂತಿಲ್ಲ. ಇದನ್ನು ತೋರಿಸಿ. ಆದರೆ ಬೀಗ ಬಿದ್ದ ಆ ಏಡ್ ಪೋಸ್ಟನ್ನೂ ಇದರ ಜೊತೆಗೇ ತೋರಿಸಿ. ನಿನ್ನೆ ಚೆನ್ನಾಗಿದ್ದ ಗಂಡಸು ಇವತ್ತು ಸತ್ತರೆ, ಹೃದಯಾಘಾತವಾಯಿತು ಎಂದು ಹೇಳಲು ಅಲ್ಲಿ ಡಾಕ್ಟರ್ ಇಲ್ಲ. ಕಾರಣ ಗೊತ್ತಾಗದ ಸಾವಿಗೆ ಜನ ಯಾರನ್ನೋ ಹೊಣೆ ಮಾಡುತ್ತಾರೆ. ಹೆಚ್ಚಾಗಿ ಬೆಂಬಲಕ್ಕೆ ಯಾರೂ ಇಲ್ಲದ ವಿಧವೆಯನ್ನು. ಇದರ ವಿರುದ್ಧ ಜೀವದ ಹಂಗು ತೊರೆದು ನಿಂತವರೂ ಅಲ್ಲಿಯವರೇ: ನರ್ಸ್‌ಗಳು, ಪಾದ್ರಿಗಳು, ಟೀಚರ್‌ಗಳು, ಹಳ್ಳಿಯ ಹೆಂಗಸರು. ಅವರ ಒಂದು ಮಾತೂ ಕನ್ನಡದಲ್ಲಿ ಬಂದದ್ದನ್ನು ನಾನು ಕೇಳಿಲ್ಲ.

ಸಂಪಾದಕರಲ್ಲಿ ಒಂದು ಮಾತು. 2024ರ ಮೇ 24ರ ನಸುಕಿನಲ್ಲಿ ಎಂಗಾದ ಯಂಬಾಲಿ ಎಂಬ ಹಳ್ಳಿಯ ಮೇಲೆ ಬೆಟ್ಟ ಕುಸಿದು ಬಿತ್ತು. ಜನ ನಿದ್ದೆಯಲ್ಲಿದ್ದರು. 2,000ಕ್ಕಿಂತ ಜಾಸ್ತಿ ಜನ ಮಣ್ಣಿನಡಿ ಸಿಕ್ಕಿದ್ದಾರೆ ಎಂದು ಅಲ್ಲಿಯ ಸರ್ಕಾರ ವಿಶ್ವಸಂಸ್ಥೆಗೆ ತಿಳಿಸಿತು. ವಿಶ್ವಸಂಸ್ಥೆಯ ವಲಸೆ ಸಂಸ್ಥೆಯ ಮೊದಲ ಅಂದಾಜು 670. ಸಿಕ್ಕ ಶವಗಳು ಬಹಳ ಕಡಿಮೆ. ಲೆಕ್ಕದಲ್ಲೇ ಇಷ್ಟು ವ್ಯತ್ಯಾಸ ಬರುವುದಕ್ಕೆ ಒಂದು ಕಾರಣ, ಆ ಹಳ್ಳಿಯಲ್ಲಿ ಎಷ್ಟು ಜನರಿದ್ದರು ಎಂಬ ಸರಿಯಾದ ದಾಖಲೆ ಸರ್ಕಾರದ ಬಳಿ ಇರಲಿಲ್ಲ. ಯಂತ್ರ ಬರುವುದು ತಡವಾಯಿತು. ಉಳಿದವರು ಗುದ್ದಲಿಯಿಂದ, ಕೋಲಿನಿಂದ, ಬರಿಗೈಯಿಂದ ತಮ್ಮವರನ್ನು ಅಗೆದರು. ಭಾರತ 10 ಲಕ್ಷ ಡಾಲರ್ ನೆರವು ಘೋಷಿಸಿ, ಜೂನ್‌ನಲ್ಲಿ ಸುಮಾರು 19 ಟನ್ ಔಷಧಿ ಮತ್ತು ಪರಿಹಾರ ಸಾಮಗ್ರಿ ಕಳಿಸಿತು. ಈ ಸುದ್ದಿ ನಿಮ್ಮ ಚಾನೆಲ್‌ನಲ್ಲಿ ಎಷ್ಟು ನಿಮಿಷ ಬಂತು? 'ವಿಚಿತ್ರ ಬುಡಕಟ್ಟು' ಕಾರ್ಯಕ್ರಮ ಎಷ್ಟು ಸಲ ಮರುಪ್ರಸಾರ ಆಯಿತು? ನಿಮ್ಮ ಬಳಿಯೇ ಇರುವ ಲೆಕ್ಕ ಇದು, ದಯವಿಟ್ಟು ತೆಗೆದು ನೋಡಿ.

ನನ್ನ ಹಳೆಯ ವಿದ್ಯಾರ್ಥಿನಿ ಒಬ್ಬಳು ಈಗ ನರ್ಸ್. ಅವಳು ಒಂದು ಕನ್ನಡ ವಿಡಿಯೊದ ಲಿಂಕ್ ಕಳಿಸಿದ್ದಳು. ಕೆಳಗೆ ಇಂಗ್ಲಿಷಿನಲ್ಲಿ ಅಕ್ಷರ ಬರುತ್ತಿದ್ದವು, ಅದನ್ನೆಲ್ಲ ಓದಿದ್ದಳು. 'ಸರ್, ನಿಮ್ಮ ಊರಿನವರು ನಮ್ಮನ್ನು ಹೀಗೆ ನೋಡುತ್ತಾರಾ?' ಎಂದು ಕೇಳಿದಳು. ನೀವು ಮಾಡಿದ ವಿಡಿಯೊ ಅವರೂ ನೋಡುತ್ತಾರೆ. ಬೆಟ್ಟದ ಮೇಲೂ ಮೊಬೈಲ್ ಇದೆ.

ಹಾಗಾಗಿ ನಿಮ್ಮಲ್ಲಿ ನನ್ನ ಬೇಡಿಕೆ ಇಷ್ಟು. ತಲೆಬರಹದಲ್ಲಿ ನರಭಕ್ಷಕ, ಶಿಲಾಯುಗ, ಕಾಡುಮನುಷ್ಯ ಎಂಬ ಮಾತುಗಳನ್ನು ಬಿಡಿ. ಯಾವ ದೇಶ, ಯಾವ ಪ್ರಾಂತ್ಯ, ಯಾವ ಜನ ಎಂದು ಸ್ಪಷ್ಟವಾಗಿ ಹೇಳಿ. ಪ್ರವಾಸಿಗಳಿಗಾಗಿ ಕುಣಿದದ್ದಾದರೆ ಹಾಗೆಂದೇ ಹೇಳಿ, ಅದರಲ್ಲಿ ಅವಮಾನವಿಲ್ಲ. ಸಿಂಗ್‌ಸಿಂಗ್, ಅಂದರೆ ಅಲಂಕರಿಸಿಕೊಂಡು ಹಾಡಿ ಕುಣಿಯುವ ಕೂಟ, ಆ ಜನರ ಹೆಮ್ಮೆ. ಗೊರೊಕಾದಲ್ಲಿ 1957ರಿಂದ ದೊಡ್ಡ ಮೇಳ ನಡೆಯುತ್ತದೆ, ಗರಿ, ಬಣ್ಣ, ಚಿಪ್ಪಿನ ಸರ ಹಾಕಿಕೊಂಡು ನೂರಾರು ಊರಿನವರು ಬರುತ್ತಾರೆ. ಮನಸಾರೆ ಚಿತ್ರೀಕರಿಸಿ. ಮುಗಿದ ಮೇಲೆ ಅದೇ ವ್ಯಕ್ತಿ ಜೀನ್ಸ್ ಹಾಕಿಕೊಂಡು ಬಸ್ ಹತ್ತುವುದನ್ನೂ ಬಿಡಬೇಡಿ. ಕೊಡುವ ದುಡ್ಡನ್ನು ಊರಿನ ಹಿರಿಯರ ಎದುರಿಗೇ ಮಾತಾಡಿ ಕೊಡಿ. ಏಜೆಂಟ್ ಎಷ್ಟು ಇಟ್ಟುಕೊಂಡ ಎಂದು ಕೇಳಿ. ಮಕ್ಕಳನ್ನು, ರೋಗಿಗಳನ್ನು, ಸಾವಿನ ಮನೆಯನ್ನು ಕೇಳದೆ ಶೂಟ್ ಮಾಡಬೇಡಿ. ನಮ್ಮ ಅಂಡಮಾನಿನಲ್ಲೇ ಜರವಾ ಬುಡಕಟ್ಟಿನ ಹೆಂಗಸರನ್ನು ತಿಂಡಿ ಕೊಟ್ಟು ಕುಣಿಸಿದ ವಿಡಿಯೊ 2012ರಲ್ಲಿ ಹೊರಬಂದಾಗ ಇಡೀ ದೇಶ ತಲೆ ತಗ್ಗಿಸಿತ್ತು. ಅಂಥವರ ಚಿತ್ರ ತೆಗೆಯುವುದಕ್ಕೆ ಅಲ್ಲಿ ಶಿಕ್ಷೆಯೇ ಇದೆ. ನಮ್ಮ ದೇಶದೊಳಗೆ ತಪ್ಪು ಅಂತ ಒಪ್ಪಿದ್ದು ಗಡಿ ದಾಟಿದರೆ ಸರಿಯಾಗುವುದಿಲ್ಲ.

ಹೋದ ಕಡೆ ಕನಿಷ್ಠ ಒಬ್ಬ ಹೆಂಗಸಿನ ಜೊತೆ ಕೂತು ಮಾತಾಡಿ. ತೋಟ ಮಾಡುವವಳು, ಹಂದಿ ಸಾಕುವವಳು, ಹಣೆಗೆ ಬಿಲುಮ್ ಚೀಲ ತೂಗುಹಾಕಿ ಅದರಲ್ಲಿ ಗೆಣಸನ್ನೂ ಮಗುವನ್ನೂ ಹೊರುವವಳು ಅವಳೇ. ಬೇರೆ ಬೇರೆ ಭಾಷೆಯವರ ನಡುವೆ ಅಲ್ಲಿ ಬಳಕೆಯಲ್ಲಿರುವ ಟೋಕ್ ಪಿಸಿನ್ ಭಾಷೆ ಬಲ್ಲ ಹೈಸ್ಕೂಲ್ ಹುಡುಗ ಹುಡುಗಿಯರು ಸಂತೋಷದಿಂದ ಮಾತು ದಾಟಿಸುತ್ತಾರೆ. ಏಜೆಂಟ್ ಹೇಳಿಕೊಟ್ಟ ಉತ್ತರಕ್ಕಿಂತ ಅದು ಎಷ್ಟೋ ಚೆನ್ನಾಗಿರುತ್ತದೆ.

ಗೊರೊಕಾ ಮೇಳ ಪ್ರತಿ ಸೆಪ್ಟೆಂಬರ್‌ನಲ್ಲಿ ಬರುತ್ತದೆ. ನಿಮ್ಮಲ್ಲಿ ಯಾರಾದರೂ ಹೊರಟಿದ್ದರೆ ನನಗೆ ಮೊದಲೇ ತಿಳಿಸಿ. ಸಿಂಬುವಿನಲ್ಲಿ ಕಾಫಿ ಬೆಳೆಯುವ ಮನೆಗಳಿಗೆ, ಊರಿನ ಹಿರಿಯರನ್ನು ಕೇಳಿ, ಪರಿಚಯ ಮಾಡಿಸಿಕೊಡುತ್ತೇನೆ. ಯಾವ ರಸ್ತೆ ಯಾವಾಗ ಸುರಕ್ಷಿತ ಎಂಬುದನ್ನು ಅವರೇ ಹೇಳುತ್ತಾರೆ. ಆದರೆ ಈಗಾಗಲೇ ಹಾಕಿರುವ ವಿಡಿಯೊಗಳ ತಲೆಬರಹ ಬದಲಾಯಿಸಲು ಎಲ್ಲಿಗೂ ಹೋಗಬೇಕಾಗಿಲ್ಲ. ಅದನ್ನು ಈ ವಾರವೇ ಮಾಡಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ.

ಇತಿ ನಿಮ್ಮ ವಿಶ್ವಾಸಿ,
ಸಿಂಬುವಿನಲ್ಲಿ ಪಾಠ ಮಾಡಿದ ಒಬ್ಬ ಕನ್ನಡ ಮೇಷ್ಟ್ರು